ಕಿಡ್ನ್ಯಾಗ ಸುಣ್ಣ ಕಟ್ಟಿತಂದ್ರ ಕ್ಯಾನ್ಸರೇನು?

ಹೋದ ಬೇಸಿಗೆಯ ಒಂದು ರಾತ್ರಿ ಹನ್ನೊಂದಕ್ಕೆ ತಾಳಿಕೋಟೆಯಿಂದ ಕಾಕಾ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದರು. ಹೊಟ್ಟೆಯ ಸ್ಕ್ಯಾನ್ ರಿಪೋರ್ಟ್. ಗ್ಯಾಸ್ಟ್ರಿಕ್ ಅಂತ ತೋರಿಸಲು ಹೋದವರಿಗೆ ಮಾಡಿದ್ದು. ಬಲ ಕಿಡ್ನಿಯ ಮುಂದೆ ‘ಕ್ಯಾಲ್ಸಿಫಿಕೇಶನ್’ ಅನ್ನೋ ಪದಕ್ಕೆ ಕಾಕಾನೇ ಪೆನ್ನಿನಿಂದ ಗೆರೆ ಎಳೆದಿದ್ದರು. ಹಿಂದೆಯೇ ಫೋನು ಬಂತು.

“ತಮ್ಮಾ, ನಿಮ್ಮ ಕಾಕೂಗ ಹೇಳಬ್ಯಾಡ. ಗೂಗಲ್‌ನ್ಯಾಗ ನೋಡೀನಿ, ಕ್ಯಾನ್ಸರ್ ಅಂತ ಬರಾಕತ್ತದ.”

ಧೈರ್ಯ ಹೇಳಿ ಫೋನ್ ಇಟ್ಟವನು ನಾನೂ ಅದನ್ನೇ ಹುಡುಕಿದೆ. ಅವತ್ತು ಇಬ್ಬರಿಗೂ ನಿದ್ದೆ ಇಲ್ಲ.

ವಾರ ಬಿಟ್ಟು ವಿಜಯಪುರದಲ್ಲಿ ಯೂರಾಲಜಿಸ್ಟ್ ಹತ್ತಿರ ಕೂತಾಗ ಅವರು ಮೊದಲು ಹೇಳಿದ್ದು ಇಷ್ಟೇ: “ಸುಣ್ಣ ಕಟ್ಟೋದು ರೋಗದ ಹೆಸರಲ್ರಿ, ಬರೇ ಗುರುತು. ಎಲ್ಲಿ ಕಟ್ಟ್ಯದ ಅನ್ನೋದು ಕೇಳ್ರಿ.”

ಮೂತ್ರ ಕೂಡುವ ಜಾಗದಲ್ಲಿ ಗಟ್ಟಿಯಾಗಿ ಕೂತರೆ ಅದು ಕಲ್ಲು. ಕಿಡ್ನಿಯ ಮಾಂಸದೊಳಗೇ ಹರಡಿದರೆ ನೆಫ್ರೋಕ್ಯಾಲ್ಸಿನೋಸಿಸ್. ಇದಕ್ಕೆ ಕುತ್ತಿಗೆಯಲ್ಲಿರೋ ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು, ವಿಟಮಿನ್ ಡಿ ಮಿತಿಮೀರಿರಬಹುದು. (ವಾರಕ್ಕೊಂದು ಅಂತ ಬರೆದ 60,000 ಯೂನಿಟ್ ಪುಡಿಯನ್ನು ದಿನಾ ತಗೊಳ್ಳೋರು ಇದ್ದಾರೆ. ನಿಮ್ಮ ಮನೆಯ ಡಬ್ಬಿಯನ್ನೂ ಒಮ್ಮೆ ನೋಡಿ.) ಹಿಂದೆಂದೋ ಕಿಡ್ನಿಗೆ ಟಿಬಿ ತಗುಲಿ ವಾಸಿಯಾದರೂ ಅಲ್ಲಿ ಸುಣ್ಣ ಉಳಿಯುತ್ತೆ. ಇವ್ಯಾವೂ ಕ್ಯಾನ್ಸರ್ ಅಲ್ಲ.

ಹಾಗಾದರೆ ಗೂಗಲ್ ಸುಳ್ಳು ಹೇಳಿತಾ? ಪೂರ್ತಿ ಸುಳ್ಳಲ್ಲ. ಕಿಡ್ನಿಯ ಕೆಲವು ಗೆಡ್ಡೆಗಳ ಒಳಗೂ ಸುಣ್ಣ ಕಟ್ಟುತ್ತೆ. ಆದರೆ ಅಲ್ಲಿ ಗೆಡ್ಡೆ ಮೊದಲು, ಸುಣ್ಣ ಆಮೇಲೆ. ನೀರುಗುಳ್ಳೆಯ, ಅಂದರೆ ಸಿಸ್ಟ್‌ನ ಗೋಡೆಯಲ್ಲಿ ತೆಳ್ಳಗೆ ಸುಣ್ಣದ ಗೆರೆ ಕಂಡರೆ ಸಾಮಾನ್ಯವಾಗಿ ಭಯವಿಲ್ಲ. ಗೋಡೆ ದಪ್ಪವಾಗಿ, ಅಂಕುಡೊಂಕಾಗಿದ್ದರೆ ಮುಂದಕ್ಕೆ ನೋಡಬೇಕು. ಅಮೆರಿಕದ ರೇಡಿಯಾಲಜಿಸ್ಟ್ ಮಾರ್ಟನ್ ಬೋಸ್ನಿಯಾಕ್ 1986ರಲ್ಲಿ ಈ ಗುಳ್ಳೆಗಳನ್ನು ದರ್ಜೆ ಮಾಡಿಕೊಟ್ಟರು. ಇವತ್ತಿಗೂ ಸಿಟಿ ರಿಪೋರ್ಟ್‌ನಲ್ಲಿ ಅವರ ಹೆಸರು ಕಾಣುತ್ತೆ. ನರಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟು ಸಿಟಿ ಮಾಡಿದಾಗ ಆ ಭಾಗ ಔಷಧಿ ಹೀರಿ ಬೆಳ್ಳಗಾಗುತ್ತಾ ಅನ್ನೋದು, ಸುಣ್ಣ ಇದೆಯಾ ಅನ್ನೋದಕ್ಕಿಂತ ದೊಡ್ಡ ಸುಳಿವು. ಇನ್ನು ದೊಡ್ಡ ಕಲ್ಲು ಸೋಂಕಿನ ಜೊತೆ ವರ್ಷಗಟ್ಟಲೆ ಹಾಗೇ ಉಳಿದು ಕ್ಯಾನ್ಸರ್‌ಗೆ ತಿರುಗಿದ ಉದಾಹರಣೆಗಳೂ ಇವೆ, ತೀರಾ ಅಪರೂಪ.

ಕಾಕಾಂದು ಜೋಳದ ಕಾಳಿನಷ್ಟು ಕಲ್ಲು. 4 ಮಿಲಿಮೀಟರ್.

“ಡೋಣಿ ನೀರು ಉಪ್ಪು, ಬೋರಿನ ನೀರು ಸವಳು, ಅದಕ್ಕ ಹಿಂಗ ಆಗ್ಯದ,” ಅಂತ ಕಾಕಾ ತೀರ್ಮಾನ ಕೊಟ್ಟರು. ಡಾಕ್ಟರು ನಕ್ಕು, ದಿನಕ್ಕೆಷ್ಟು ನೀರು ಕುಡೀತೀರಿ ಅಂದರು. ನಲವತ್ತು ಡಿಗ್ರಿ ಬಿಸಿಲಲ್ಲಿ ಹೊಲಕ್ಕೆ ಹೋಗಿ ಬರೋ ಮನುಷ್ಯ, ಎರಡು ತಂಬಿಗೆ ನೀರು, ಆರು ಕಪ್ ಚಹಾ! ಎರಡೂವರೆ ಲೀಟರ್ ಮೂತ್ರ ಹೋಗೋವಷ್ಟು ನೀರು ಕುಡೀಬೇಕು, ಉಪ್ಪು ಕಮ್ಮಿ ಮಾಡಬೇಕು ಅಂತಾಯ್ತು. ಅಷ್ಟರಲ್ಲಿ ಕಾಕೂಗೆ ವಿಷಯ ಗೊತ್ತಾಗಿ, ಕ್ಯಾಲ್ಸಿಯಂ ಅಂದ್ಕೂಡ್ಲೇ ಹಾಲು ಮೊಸರು ಬಂದ್ ಮಾಡಿದ್ದರು. ಅದೂ ತಪ್ಪಂತೆ. ಊಟದ ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟನ್ನು ಹಿಡಿದಿಟ್ಟುಕೊಳ್ಳುತ್ತೆ; ಬಿಟ್ಟರೆ ಕಲ್ಲು ಜಾಸ್ತಿಯಾಗಬಹುದು.

ನೋವಿಲ್ಲದೆ ಮೂತ್ರ ಕೆಂಪಾದರೆ ಮಾತ್ರ, ಒಂದೇ ಸಲ ಆದರೂ, ತಾನೇ ನಿಂತುಹೋದರೂ ತೋರಿಸಲೇಬೇಕು. ಸುಮ್ಮನೆ ತೂಕ ಇಳಿದರೆ, ಪಕ್ಕೆಯಲ್ಲಿ ಗಂಟು ಸಿಕ್ಕರೆ ಕೂಡ. ಬೀಡಿ ಸಿಗರೇಟು ಸೇದೋರು ಇನ್ನೂ ಬೇಗ.

ಮೊನ್ನೆ ಕಾಕಾ ಮತ್ತೆ ಫೋನ್ ಮಾಡಿದ್ದರು. “ಆ ಹಳೇ ರಿಪೋರ್ಟ್ ಹರದ ಒಗೀಲೇನೊ? ನೋಡಿದ್ರ ಹೊಟ್ಟಿ ತೊಳಸ್ತದ.”

“ಬ್ಯಾಡ್ರಿ ಕಾಕಾ, ಇಡ್ರಿ. ಮುಂದಿನ ಸ್ಕ್ಯಾನ್ ಜೋಡಿ ಹಚ್ಚಿ ನೋಡಾಕ ಬೇಕು.”