ಬಾಗಿದ ಬೆನ್ನು ಬರೀ ವಯಸ್ಸಲ್ಲ

ಸೂರಃ ಮರ್ಯಮ್‌ನ ಆರಂಭದಲ್ಲಿ ಪ್ರವಾದಿ ಝಕರಿಯ್ಯಾ(ಅ)ರು ತಮ್ಮ ಮುಪ್ಪನ್ನು ಅಲ್ಲಾಹನಲ್ಲಿ ನಿವೇದಿಸುವಾಗ ಮೊದಲು ಹೆಸರಿಸುವುದು ಎಲುಬಿನ ದೌರ್ಬಲ್ಯವನ್ನು; ತಲೆಯ ನರೆಯ ಮಾತು ಅನಂತರ ಬರುತ್ತದೆ. ನಮ್ಮ ಮನೆಗಳಲ್ಲಾದರೋ ತಾಯಿಯ ನರೆ ಎಲ್ಲರಿಗೂ ಕಾಣುತ್ತದೆ, ಎಲುಬು ಮುರಿಯುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕುಗ್ಗುತ್ತದೆ. ಮೊದಲ ಕೆಲವು ವರ್ಷಗಳಲ್ಲೇ ಎಲುಬಿನ ಸವೆತ ತೀವ್ರಗೊಳ್ಳುತ್ತದೆ. ಇದು ಮಿತಿಮೀರಿದಾಗ ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ರೋಗವೆಂದು ನಿರ್ಣಯ. ಚಿಕಿತ್ಸೆಯಿರುವ ಕಾಯಿಲೆಯನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿದ್ದು, ಆ ಸುಮ್ಮನಿರುವಿಕೆಗೆ ಸಬ್ರ್ ಎಂದು ಹೆಸರಿಡುವುದನ್ನು ನಾವು ಒಪ್ಪಲಾರೆವು.

ಸಿಂದಗಿ ಸೀಮೆಯ ಊಟಕ್ಕೆ ಜೋಳದ ರೊಟ್ಟಿಯೇ ಆಧಾರ. 100 ಗ್ರಾಂ ಜೋಳದಲ್ಲಿ 30 ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಇಲ್ಲ. ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1200 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೊಸರು, ನುಗ್ಗೆ ಸೊಪ್ಪು ನಮ್ಮ ನೆಲದವೇ, ಕೊರತೆ ಪದಾರ್ಥಗಳದ್ದಲ್ಲ. ಹಾಲು ಅತಿಥಿಗಳ ಚಹಾಕ್ಕೂ ಮೊಸರು ಮಕ್ಕಳ ತಾಟಿಗೂ ಹೋದ ಮೇಲೆ ಉಳಿದದ್ದು ತಾಯಿಗೆ. ಬಿಸಿಲಿಗೆ ಹೆಸರಾದ ಈ ಜಿಲ್ಲೆಯಲ್ಲಿ ವಿಟಮಿನ್ ಡಿ ಕೊರತೆಯೆಂದರೆ ನಗು ಬಂದೀತು. ಆದರೆ ದಿನವಿಡೀ ಒಳಮನೆಯಲ್ಲಿರುವವರಿಗೆ ಹೊರಗಿನ ಬಿಸಿಲಿನಿಂದ ಏನು ಪ್ರಯೋಜನ? ಪರ್ದಾ ಇದಕ್ಕೆ ಅಡ್ಡಿಯಲ್ಲ. ಮರೆಯಿರುವ ಮಾಳಿಗೆಯ ಮೇಲೆ ತೋಳು ತೆರೆದು ಕುಳಿತುಕೊಳ್ಳುವ ಅವಕಾಶವನ್ನು ಮನೆಯವರು ಮಾಡಿಕೊಡಬೇಕು.

ಬೆನ್ನೆಲುಬು ಸವೆದವರಿಗೆ ಮುಂದಕ್ಕೆ ಬಾಗುವುದು ಅಪಾಯಕರ. ನಿಲ್ಲಲಾಗದವರು ಕುಳಿತು ನಮಾಝ್ ಮಾಡಬಹುದೆಂಬ ರಿಯಾಯಿತಿಯನ್ನು ಪ್ರವಾದಿ(ಸ)ರೇ ಇಮ್ರಾನ್ ಬಿನ್ ಹುಸೈನ್(ರ)ರಿಗೆ ತಿಳಿಸಿದ್ದಾರೆ. ಹಾಗಿರುವಾಗ ಕುರ್ಚಿ ಹಾಕಿಕೊಂಡ ತಾಯಿಯನ್ನು ಸೊಸೆಯಂದಿರ ಎದುರು ಹಗುರವಾಗಿ ಆಡುವ ನಾಲಿಗೆಗಳಿಗೆ ಏನೆನ್ನೋಣ!

ಮಾತ್ರೆಯ ವಿಷಯದಲ್ಲೂ ರಮಝಾನಿನಲ್ಲಿ ಗೊಂದಲವಿದೆ. ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ಅನ್ನು ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನೊಡನೆ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ, ಮಲಗದೆ ಇರಬೇಕು. ಆ ದಿನ ಸಹರಿಗೆ ಅರ್ಧ ಗಂಟೆ ಮೊದಲೇ ಎದ್ದರೆ ಸಾಕಾಗಬಹುದು. ವೈದ್ಯರನ್ನು ಒಮ್ಮೆ ಕೇಳಿಕೊಳ್ಳಬೇಕು. ಎಬ್ಬಿಸುವ ಕೆಲಸ ಮಗನದು.

ಫಜ್ರ್‌ನ ಕತ್ತಲಲ್ಲಿ ವುಝೂ ಮಾಡುವ ಜಾಗದ ಫರಸಿ ಕಲ್ಲು ಒದ್ದೆಯಾಗಿರುತ್ತದೆ. ಅಲ್ಲೊಂದು ದೀಪ, ಗೋಡೆಗೊಂದು ಹಿಡಿಕೆ, ಕೂರಲು ಒಂದು ಸ್ಟೂಲು ಈ ವಾರವೇ ಆಗಲಿ.