ಮುದುಕರ ಪ್ರೇಮಗೀತೆಯನ್ನು ಹಳಹಳಿಕೆ ಎನ್ನಬೇಡಿ

ಜಪಾನಿನ ಹಿರಿಯ ಫೋಕ್ ಜೋಡಿ 'ಬಿಲ್ಲಿ ಬನ್‌ಬನ್' 2007ರಲ್ಲಿ ಹಾಡಿದ 'ಮತಾ ಕಿಮಿ ನಿ ಕೊಯಿಶಿತೆರು' ಗೀತೆಯನ್ನು ಕೇಳಿಸಿದಾಗಲೆಲ್ಲ ನನ್ನ ಗೆಳೆಯರು ಎರಡು ತೀರ್ಪು ಕೊಡುತ್ತಾರೆ: ಇದು ಮದ್ಯದ ಜಾಹೀರಾತಿನ ಹಾಡು; ಇದು ವಯಸ್ಸಾದವರ ಹಳಹಳಿಕೆ. ಮೊದಲನೆಯದು ನಿಜ. ಎರಡನೆಯದು ಕಿವಿಯ ಸೋಮಾರಿತನ.

ನಿಜವಾದದ್ದನ್ನು ಮೊದಲು ಒಪ್ಪಿಬಿಡುತ್ತೇನೆ. ಓಯಿತಾ ಪ್ರಾಂತದಲ್ಲಿ ತಯಾರಾಗುವ 'ಈಚಿಕೊ' ಎಂಬ ಬಾರ್ಲಿ ಮದ್ಯದ ಟಿವಿ ಜಾಹೀರಾತಿನ ಮೂಲಕವೇ ಈ ಹಾಡು ಮನೆಮನೆಗೆ ತಲುಪಿತು. ಫೋಕ್ ಎಂದರೆ ಪ್ರತಿಭಟನೆ ಎಂದು ನಂಬಿದವರಿಗೆ ಇದು ದ್ರೋಹದಂತೆ ಕಾಣುತ್ತದೆ. 1969ರಲ್ಲಿ ಟೋಕಿಯೊದ ಶಿಂಜುಕು ನಿಲ್ದಾಣದ ಪಶ್ಚಿಮ ದ್ವಾರದ ನೆಲಮಾಳಿಗೆಯಲ್ಲಿ ಸಾವಿರಾರು ಯುವಕರು ಗಿಟಾರ್ ಹಿಡಿದು ವಿಯೆಟ್ನಾಂ ಯುದ್ಧದ ವಿರುದ್ಧ ಹಾಡುತ್ತಿದ್ದರು. ಅದೇ ಜುಲೈನಲ್ಲಿ ಅಧಿಕಾರಿಗಳು 'ಚೌಕ' ಎಂಬ ಹೆಸರನ್ನು ಅಳಿಸಿ 'ಹಾದಿ' ಎಂದು ಬರೆಸಿದರು. ಹಾದಿಯಾದರೆ ನಿಲ್ಲುವಂತಿಲ್ಲ ನೋಡಿ! ಆದರೆ ಸುಗವಾರ ತಕಾಶಿ, ಸುಸುಮು ಎಂಬ ಈ ಅಣ್ಣತಮ್ಮಂದಿರು ಗೆದ್ದದ್ದು ಆ ಜಾಗದಲ್ಲಲ್ಲ. ಅದೇ ವರ್ಷ ಹೊರಬಂದ ಅವರ ಮೊದಲ ಗೀತೆ 'ಶಿರೋಯಿ ಬುರಾಂಕೊ', ಅಂದರೆ ಬಿಳಿ ಜೋಕಾಲಿ, ಒಂದು ಮೆಲುದನಿಯ ಪ್ರೇಮಗೀತೆ. 1976ರಲ್ಲಿ ಬೇರೆಯಾಗಿ, 1984ರಲ್ಲಿ ಮತ್ತೆ ಒಂದಾದ ಈ ಜೋಡಿ ಕ್ರಾಂತಿಯ ಮಾತು ಕೊಟ್ಟಿದ್ದರೆ ತಾನೇ ತಪ್ಪಿದ್ದಾರೆ ಎನ್ನುವುದು?

ಈಗ ಹಳಹಳಿಕೆಯ ಮಾತು. ಶೀರ್ಷಿಕೆಯ ನೇರ ಅರ್ಥ, 'ಮತ್ತೆ ನಿನ್ನಲ್ಲಿ ಮೋಹಗೊಂಡಿದ್ದೇನೆ'. ಜಪಾನೀ ಭಾಷೆಯಲ್ಲಿ ಪ್ರೀತಿಗೆ 'ಅಯ್' ಎಂಬ ಪದವೂ ಇದೆ, 'ಕೊಯಿ' ಎಂಬ ಪದವೂ ಇದೆ. ಬಹುಕಾಲ ಜೊತೆಗಿದ್ದು ನೆಲೆ ನಿಂತ ಒಲವಿಗೆ ಸಾಮಾನ್ಯವಾಗಿ ಹೊಂದುವುದು 'ಅಯ್'. 'ಕೊಯಿ' ಹಂಬಲ, ಇನ್ನೂ ಕೈಗೆ ಸಿಗದವರಿಗಾಗಿ ಪಡುವ ತಳಮಳ. ಎಂಟನೆಯ ಶತಮಾನದ 'ಮನ್‌ಯೋಶೂ' ಸಂಕಲನದ ಕೆಲವು ಪದ್ಯಗಳಲ್ಲಿ ಈ ಪದವನ್ನು 'ಒಂಟಿ' ಮತ್ತು 'ದುಃಖ' ಎಂಬ ಎರಡು ಅಕ್ಷರಗಳನ್ನು ಜೋಡಿಸಿ ಬರೆದಿದ್ದಾರೆ. ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅದು ವಿಪ್ರಲಂಭಕ್ಕೆ ಹತ್ತಿರ. ಗೀತರಚನಕಾರ ಮತ್ಸುಯಿ ಗೊರೊ 'ಅಯ್' ಆರಿಸಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಅವರು 'ಕೊಯಿ'ಯನ್ನು ಆರಿಸಿ ಅದರ ಹಿಂದೆ 'ಮತ್ತೆ' ಎಂದು ಸೇರಿಸಿದರು. ವರ್ಷಗಟ್ಟಲೆ ಪಕ್ಕದಲ್ಲೇ ಇರುವ ವ್ಯಕ್ತಿಗಾಗಿ ವಿರಹ ಪಡುವುದು ಹೇಗೆ? ಈ ಪ್ರಶ್ನೆ ಯಾವ ಅಲಂಕಾರಿಕನನ್ನಾದರೂ ತಡವರಿಸುವಂತೆ ಮಾಡುತ್ತದೆ. ಇನ್ನು ಕ್ರಿಯಾಪದ: '-ತೆರು' ಎಂಬುದು ಇಲ್ಲಿ ಈಗ ನಡೆಯುತ್ತಿರುವ ಸ್ಥಿತಿಯನ್ನು ಹೇಳುತ್ತದೆ. ಹಳಹಳಿಕೆಗೆ ಭೂತಕಾಲ ಬೇಕು. ಈ ಶೀರ್ಷಿಕೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಆದರೂ ಹಳಹಳಿಕೆ ಎನ್ನುತ್ತೇವೆ, ಏಕೆಂದರೆ ಹಾಡುವವರ ವಯಸ್ಸು ನಮಗೆ ಗೊತ್ತು. ಅಣ್ಣ ಹುಟ್ಟಿದ್ದು 1944ರಲ್ಲಿ, ತಮ್ಮ 1947ರಲ್ಲಿ. ಅರವತ್ತರ ಆಸುಪಾಸಿನವರಿಗೆ ನಾವು ನೆನಪನ್ನು ಮಾತ್ರ ಬಿಟ್ಟುಕೊಟ್ಟಿದ್ದೇವೆ, ಆಸೆಯನ್ನಲ್ಲ. ಇಪ್ಪತ್ತರ ಹುಡುಗ ಇದೇ ಮಾತು ಹಾಡಿದರೆ ಪ್ರೇಮ, ಅಜ್ಜ ಹಾಡಿದರೆ 'ಎಷ್ಟು ಮುದ್ದಾಗಿದೆ'! ಆ 'ಮುದ್ದು' ಎಂಬ ಮಾತು ನನಗೆ ಬೈಗುಳಕ್ಕಿಂತ ಕೆಟ್ಟದಾಗಿ ಕೇಳುತ್ತದೆ. ಬೈಗುಳವಾದರೂ ಎದುರಿಗಿರುವವರನ್ನು ದೊಡ್ಡವರೆಂದು ಒಪ್ಪಿಕೊಂಡಿರುತ್ತದೆ.

ಎಂಕಾ ಗಾಯಕಿ ಸಕಾಮೊತೊ ಫುಯುಮಿ 2009ರಲ್ಲಿ ಇದನ್ನು ಹಾಡಿದ ಮೇಲೆ ಗೀತೆ ಇನ್ನಷ್ಟು ದೊಡ್ಡದಾಯಿತು. 2010ರ ವರ್ಷಾಂತ್ಯದಲ್ಲಿ ಎನ್‌ಎಚ್‌ಕೆಯ 'ಕೋಹಾಕು' ಕಾರ್ಯಕ್ರಮಕ್ಕೂ ಏರಿತು. ಆಕೆಯ ಕಂಠ ಶ್ರೇಷ್ಠ, ಅದರಲ್ಲಿ ವಾದವಿಲ್ಲ. ಆದರೂ ನಾನು ಮರಳುವುದು ಅಣ್ಣತಮ್ಮಂದಿರ ಧ್ವನಿಮುದ್ರಣಕ್ಕೇ. ಆಕೆ ಹಾಡಿದಾಗ 'ಮತ್ತೆ' ಎಂಬುದು ಸೊಗಸಾದ ಪದ. ಇವರ ದನಿಯಲ್ಲಿ ಆ ಪದದೊಳಗೆ ಎಷ್ಟು ವರ್ಷಗಳಿವೆ ಎಂದು ಕೇಳುತ್ತದೆ. 2014ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಮ್ಮನಿಗೆ ಕರುಳಿನ ಕ್ಯಾನ್ಸರ್, ಅಣ್ಣನಿಗೆ ಮೆದುಳಿನ ರಕ್ತಸ್ರಾವ. ಆಮೇಲೂ ಇಬ್ಬರೂ ವೇದಿಕೆಗೆ ಬಂದರು, 'ಮತ್ತೆ' ಎಂದು ಹಾಡಿದರು.