ದುರ್ದಿನದಲ್ಲಿ ವಿಮಾನಯಾನ

2001ನೆಯ ಇಸವಿಯ ಸೆಪ್ಟೆಂಬರ್ 30ರಂದು ಶ್ರೀ ಮಾಧವರಾವ್ ಸಿಂಧಿಯಾ ಅವರು ಕಾನಪುರದ ಸಭೆಗೆಂದು ದಿಲ್ಲಿಯಿಂದ ಏರಿ ಹೊರಟ ಚಿಕ್ಕ ವಿಮಾನವು, ಹವೆ ಕೆಟ್ಟಿದ್ದ ಆ ಮಧ್ಯಾಹ್ನ, ಮೈನ್‌ಪುರಿಯ ಸಮೀಪ ಬಿದ್ದು ಎಂಟು ಮಂದಿ ಅಸುನೀಗಿದರು. ನಾಯಕರ ಹೆಸರನ್ನು ದೇಶವು ನೆನೆಯುತ್ತದೆ. ಅವರೊಡನೆ ಮಡಿದವರಲ್ಲಿ ಇಬ್ಬರು ಚಾಲಕರೂ ನಾಲ್ವರು ಸುದ್ದಿಮನೆಯವರೂ ಇದ್ದರೆಂಬುದನ್ನು ಪತ್ರಿಕಾವೃತ್ತಿಯವರಾದ ನಾವಾದರೂ ಮರೆಯತಕ್ಕದ್ದಲ್ಲ.

ವಿಧಿಯ ಅಣಕವೆಂದರೆ, ಇದೇ ಮಹನೀಯರು ವಿಮಾನಯಾನ ಸಚಿವರಾಗಿದ್ದಾಗ, 1993ರ ಜನವರಿಯಲ್ಲಿ, ಹೈದರಾಬಾದಿನಿಂದ ಹೊರಟ ಬಾಡಿಗೆಯ ಟುಪೊಲೆವ್ ವಿಮಾನವೊಂದು ದಿಲ್ಲಿಯ ಮಂಜಿನಲ್ಲಿ ಇಳಿಯುವಾಗ ಮಗುಚಿಬಿದ್ದಿತು. ಒಂದು ಪ್ರಾಣವೂ ಹೋಗಲಿಲ್ಲ. ಆದರೂ ಅವರು ಹೊಣೆ ಹೊತ್ತು ಅಧಿಕಾರವನ್ನು ತ್ಯಜಿಸಿದರು. ಅಂಥ ನಡತೆ ಇಂದು ಎಷ್ಟು ಕಡೆ ಕಾಣಸಿಗುತ್ತದೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ.

ಮೋಡದೊಳಗೆ ಹೊಕ್ಕ ಮನುಷ್ಯನಿಗೆ ಮೇಲು ಯಾವುದು, ಕೆಳಗು ಯಾವುದು ಎಂಬ ಅರಿವು ಉಳಿಯುವುದಿಲ್ಲ. ದಿಗಂತವು ಮರೆಯಾದೊಡನೆ ಕಿವಿಯೊಳಗಿನ ಸಮತೋಲದ ಇಂದ್ರಿಯವು ಸುಳ್ಳುಹೇಳತೊಡಗುತ್ತದೆ. ವಿಮಾನವು ಒಂದು ಪಕ್ಕಕ್ಕೆ ವಾಲಿ ಸುತ್ತುತ್ತಿದ್ದರೂ ನೆಟ್ಟಗೆ ಹೋಗುತ್ತಿರುವಂತೆ ತೋರುತ್ತದೆ. 1954ರಲ್ಲಿ ಅಮೇರಿಕದ ಇಲಿನಾಯ್ ವಿಶ್ವವಿದ್ಯಾಲಯದವರು, ಉಪಕರಣಗಳನ್ನು ನೋಡಿಯೇ ಹಾರುವ ಶಿಕ್ಷಣವಿಲ್ಲದ 20 ಮಂದಿ ಚಾಲಕರನ್ನು ಇಂಥ ಕುರುಡುಸ್ಥಿತಿಯಲ್ಲಿ ಪರೀಕ್ಷಿಸಿದಾಗ, ಸರಾಸರಿ 178 ಸೆಕೆಂಡುಗಳಲ್ಲಿ ಅವರೆಲ್ಲರ ಹಿಡಿತ ತಪ್ಪಿತು. ಮೂರು ನಿಮಿಷವೂ ಅಲ್ಲ! ಆದುದರಿಂದಲೇ ಶಿಕ್ಷಣ ಪಡೆದ ವೈಮಾನಿಕನು ತನ್ನ ದೇಹದ ಸಾಕ್ಷ್ಯವನ್ನು ತಳ್ಳಿಹಾಕಿ, ಎದುರಿನ ಕೃತಕ ದಿಗಂತವನ್ನೂ ಎತ್ತರಮಾಪಕವನ್ನೂ ನಂಬಿ ನಡೆಯುತ್ತಾನೆ. ಆದರೆ ಗುಡುಗಿನ ಮೋಡದ ಮುಂದೆ ಆ ವಿದ್ಯೆಯೂ ಸಾಲದು. 40,000 ಅಡಿಗೂ ಮಿಕ್ಕಿ ಬೆಳೆಯಬಲ್ಲ ಆ ರಾಶಿಯ ಮೇಲಿಂದ ಚಿಕ್ಕ ವಿಮಾನವು ದಾಟಲಾರದು. ಒಳಗಿನ ಏರುಗಾಳಿ ಇಳಿಗಾಳಿಗಳನ್ನು ತಾಳಲಾರದು. ಸುತ್ತಿಹೋಗಬೇಕು, ಇಲ್ಲವೆ ಹಿಂದಿರುಗಬೇಕು.

ಹಿಂದಿರುಗುವುದಕ್ಕೆ ಅಡ್ಡಬರುವುದು ಬಹುಮಟ್ಟಿಗೆ ನೆಲದ ಮೇಲಿನ ಆತುರ. ಕಾಯಿದೆಯ ಪ್ರಕಾರ ಕೊನೆಯ ಮಾತು ಚಾಲಕನದು. ಆದರೆ ಹಿಂದಿನ ಆಸನದಲ್ಲಿ ಪ್ರಭಾವಶಾಲಿಗಳು ಕುಳಿತು ಗಡಿಯಾರ ನೋಡುತ್ತಿರುವಾಗ, ಸಂಬಳದ ಮನುಷ್ಯನೊಬ್ಬನು 'ಒಲ್ಲೆ' ಎನ್ನುವುದು ಸುಲಭವೇ? 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ಶ್ರೀ ರಾಜಶೇಖರ ರೆಡ್ಡಿಯವರನ್ನೂ ಇತರ ನಾಲ್ವರನ್ನೂ ನಲ್ಲಮಲೆಯ ಮಳೆಮೋಡಗಳಲ್ಲಿ ದೇಶವು ಕಳೆದುಕೊಂಡಿತು. ಎರಡೂ ಸೆಪ್ಟೆಂಬರಿನ ದುರಂತಗಳು.

ಅದೇ ತಿಂಗಳಲ್ಲಿ ನಮ್ಮ ನಿರ್ಣಾದ ಒಕ್ಕಲಿಗನು ಮುಗಿಲು ಕಪ್ಪಾದುದನ್ನು ಕಂಡರೆ ಎತ್ತುಗಳನ್ನು ಬಿಚ್ಚಿ ಮನೆಯ ದಾರಿ ಹಿಡಿಯುತ್ತಾನೆ. ಯಾರೂ ಅವನನ್ನು ಹೇಡಿಯೆನ್ನುವುದಿಲ್ಲ. ಬೀದರಿನ ವಾಯುನೆಲೆಯಲ್ಲಿ ಯುದ್ಧವಿಮಾನ ಕಲಿಯುವ ತರುಣರಿಗೂ ಹವೆಯನ್ನು ನೋಡಿಯೇ ಹಾರಾಟದ ಅಪ್ಪಣೆ. ಗಣ್ಯರ ಪ್ರವಾಸಕ್ಕೆ ಮಾತ್ರ ಬೇರೆ ನಿಯಮವೇಕೆ? ಹಾರಲೊಪ್ಪದ ಚಾಲಕನ ಮಾತನ್ನು ಬರಹದಲ್ಲಿ ದಾಖಲಿಸಿ, ಅದಕ್ಕಾಗಿ ಅವನ ಉದ್ಯೋಗಕ್ಕೆ ಕುಂದು ಬಾರದಂತೆ ಸರಕಾರವು ಕಟ್ಟು ಮಾಡಬೇಕು. ಪ್ರವಾಸದ ಪಟ್ಟಿ ಬರೆಯುವ ಅಧಿಕಾರಿಗಳೂ ಪಕ್ಷದ ಕಾರ್ಯದರ್ಶಿಗಳೂ ಮಳೆಗಾಲದ ಪ್ರತಿಯೊಂದು ಸಭೆಗೆ ರಸ್ತೆಯ ಮಾರ್ಗವನ್ನು ಮೊದಲೇ ಗೊತ್ತುಪಡಿಸಿರಬೇಕು. ಹೈದರಾಬಾದಿನಿಂದ ಹುಮನಾಬಾದಕ್ಕೆ ಹೆದ್ದಾರಿಯಿದೆ. ನಾಯಕರು ಮೂರು ತಾಸು ತಡವಾಗಿ ಬಂದರೆ ಸಭಿಕರು ಕಾದಾರು. ಕಾಯುವುದು ಅವರಿಗೆ ಹೊಸತೇನೂ ಅಲ್ಲ.